ಅಪ್ಪನ ಕಾಲುನೋವು ಪಾರ್ಕಿನ್ಸನ್ ಕಾಯಿಲೆಯದ್ದೋ, ಮಾತ್ರೆಯದ್ದೋ?

ಅಮ್ಮತ್ತಿಯ ಮಗಳು, ಜುಲೈ 6

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 69 ವರ್ಷ. ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಲೆವೋಡೋಪಾ-ಕಾರ್ಬಿಡೋಪಾ ಮಾತ್ರೆ ದಿನಕ್ಕೆ ನಾಲ್ಕು ಸಲ ಇದೆ: ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 9. ಮಾರ್ಚ್‌ನಿಂದ ಪ್ರಮಿಪೆಕ್ಸೋಲ್ ಅಂತ ಇನ್ನೊಂದು ಸೇರಿದೆ.

ಕೈ ನಡುಗುವುದಕ್ಕೆ ಮನೆಯವರೆಲ್ಲ ಒಗ್ಗಿಕೊಂಡಿದ್ದೇವೆ. ಕಾಲುನೋವಿಗೆ ಮಾತ್ರ ಒಗ್ಗಲಿಕ್ಕೆ ಆಗ್ತಾ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಅಪ್ಪ ಕೂಗುತ್ತಾರೆ. ಎದ್ದು ಹೋಗಿ ನೋಡಿದರೆ ಎಡಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆದಿರುತ್ತೆ, ಉಳಿದ ಬೆರಳೆಲ್ಲ ಒಳಕ್ಕೆ ಮಡಚಿಕೊಂಡಿರುತ್ತೆ, ಪಾದವೇ ಒಳಗೆ ತಿರುಚಿ ಮೀನಖಂಡ ಕಲ್ಲಾಗಿರುತ್ತೆ. ಅವ್ವ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಒಂದೊಂದು ದಿನ ಒಂದು ಗಂಟೆ ಹೊತ್ತು ಹಾಗೇ. ಅಂಗಡಿಯಲ್ಲಿ ಕೊಟ್ಟ ನೋವಿನ ಮಾತ್ರೆ ದಿನಾ ಒಂದು ನುಂಗಿ ಹೊಟ್ಟೆ ಉರಿ ಶುರುವಾಗಿದೆ, ನೋವು ಇದ್ದಲ್ಲೇ ಇದೆ. ಈಗ ಎರಡೂ ಪಾದ ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿಲ್ಲ.

ಮೊನ್ನೆ ಚಿಕ್ಕಪ್ಪ ಬಂದವರು "ಇದೆಲ್ಲಾ ಮಾತ್ರೆಯ ವಿಷ, ಒಂದು ವಾರ ಎಲ್ಲಾ ನಿಲ್ಲಿಸಿ ನೋಡಿ" ಅಂದರು. ಅವ್ವ ಅರ್ಧ ಒಪ್ಪಿಬಿಟ್ಟಿದ್ದಾರೆ. ಮೈಸೂರಿನ ನರರೋಗ ತಜ್ಞರ ಹತ್ತಿರ ಹೋಗಬೇಕಾದದ್ದು 25ಕ್ಕೆ. ಅಲ್ಲಿವರೆಗೆ ಏನು ಮಾಡಲಿ?

ಸೋಮವಾರಪೇಟೆ ಅಕ್ಕ, ಜುಲೈ 6

ತಂಗಿ, ಅವ್ವನಿಗೆ ಈಗಲೇ ಹೇಳು, ಮಾತ್ರೆ ನಿಲ್ಲಿಸಬಾರದು. ನಾನು ಕಣ್ಣಾರೆ ಕಂಡವಳು.

ಮೂರು ವರ್ಷದ ಹಿಂದೆ ಇದೇ ಮಳೆಗಾಲದಲ್ಲಿ ನಮ್ಮ ರಸ್ತೆಗೆ ಮರ ಬಿತ್ತು. ಕರೆಂಟಿಲ್ಲ, ಫೋನಿಲ್ಲ. ಯಜಮಾನರ ಮಾತ್ರೆ ಒಂದು ದಿನಕ್ಕಾಗುವಷ್ಟೇ ಉಳಿದಿತ್ತು. ಎರಡು ದಿನ ತಾನೇ, ಮಳೆ ನಿಂತ ಮೇಲೆ ತಂದರಾಯ್ತು ಅಂದುಕೊಂಡೆ. ಮೂರನೇ ದಿನ ಅವರು ಮರದ ದಿಮ್ಮಿಯ ಹಾಗೆ ಬಿಗಿದುಕೊಂಡರು. ಮೈ ಕಾದ ಕಾವಲಿ. ಗಂಜಿ ಬಾಯಿಗೆ ಹಾಕಿದರೆ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದ ತೋಟದ ಜೀಪಲ್ಲಿ ಸುತ್ತು ದಾರಿ ಹಿಡಿದು ಆಸ್ಪತ್ರೆ ಸೇರಿಸಿದೆವು. ಇದ್ದಕ್ಕಿದ್ದಂತೆ ಲೆವೋಡೋಪಾ ನಿಂತರೆ ಹೀಗೆ ಜ್ವರ, ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು ಅಂತ ಅಲ್ಲಿ ಹೇಳಿದರು. ಅವತ್ತಿನಿಂದ ಮೇ ಕೊನೆಗೆ ಸೌದೆ, ಅಕ್ಕಿ ತುಂಬಿಸುವಾಗಲೇ ಮೂರು ವಾರದ ಮಾತ್ರೆಯನ್ನೂ ಬಿಸ್ಕತ್ ಡಬ್ಬಿಯಲ್ಲಿ ತುಂಬಿಸಿ ಇಡ್ತೇನೆ.

ಇನ್ನು ಬೆರಳು ಮಡಚುವುದು. ನಮ್ಮವರಿಗೂ ಹೀಗೇ ಆಗ್ತಿತ್ತು. ಅದು ಮಾತ್ರೆ ಹೆಚ್ಚಾಗಿ ಬಂದದ್ದಲ್ಲ, ಮಾತ್ರೆ ಖಾಲಿಯಾಗಿ ಬಂದದ್ದು ಅಂದಿದ್ದರು ಡಾಕ್ಟರು. ಮೇಷ್ಟ್ರು ಇದನ್ನು ಸರಿಯಾಗಿ ಬಿಡಿಸಿ ಹೇಳ್ತಾರೆ.

ಪೊನ್ನಂಪೇಟೆ ಮೇಷ್ಟ್ರು, ಜುಲೈ 7

ಅಮ್ಮಾ, ನಾನೇ ಹನ್ನೊಂದು ವರ್ಷದಿಂದ ಈ ಕಾಯಿಲೆಯ ಜೊತೆ ಇದ್ದೇನೆ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಲ್ಲಿ ಕೂತು ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾದರೂ ಪೂರ್ತಿ ಓದು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗ ಅದಕ್ಕೆ ಇಟ್ಟ ಹೆಸರಲ್ಲಿ ನಡುಕ ಇತ್ತು. ನಮ್ಮ ಆಯುರ್ವೇದದ ಕಂಪವಾತದಲ್ಲೂ ಇರುವುದು ನಡುಕವೇ. ಹೆಸರಿನಲ್ಲಿ ನೋವು ಇಲ್ಲ, ಆದ್ದರಿಂದ ನೋವು ಅಂದರೆ ಎಲ್ಲರೂ "ವಯಸ್ಸಾಯ್ತಲ್ಲ" ಅಂತಾರೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಒಂದಲ್ಲ ಒಂದು ಬಗೆಯ ನೋವು ಇದ್ದೇ ಇರುತ್ತದೆ. ನನಗೆ ಕಾಯಿಲೆ ಶುರುವಾದದ್ದೇ ಬಲ ಭುಜದ ನೋವಿನಿಂದ. ಭುಜ ಹಿಡಿದುಕೊಂಡಿದೆ ಅಂತ ಎರಡು ವರ್ಷ ಶಾಖ, ಇಂಜೆಕ್ಷನ್ ಆಯಿತು. ಬೋರ್ಡಿನ ಮೇಲೆ ನನ್ನ ಅಕ್ಷರ ಸಾಲು ಮುಗಿಯುವ ಹೊತ್ತಿಗೆ ಸಾಸಿವೆಯಷ್ಟಾಗುತ್ತಿದ್ದದ್ದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದ ಮೇಲೆ ನರರೋಗ ತಜ್ಞರ ಹತ್ತಿರ ಹೋದೆ.

ನಿನ್ನ ಅಪ್ಪನ ನಾಲ್ಕೂವರೆಯ ನೋವಿಗೆ ಬರೋಣ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸವೆದಿರುವುದರಿಂದ ಅದರ ಕಚ್ಚಾವಸ್ತುವಾದ ಲೆವೋಡೋಪಾವನ್ನು ಹೊರಗಿನಿಂದ ಕೊಡುತ್ತೇವೆ. ಕಾರ್ಬಿಡೋಪಾ ಜೊತೆಗಿದ್ದರೂ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ಕೋಶಗಳೇ ಅದನ್ನು ಕೂಡಿಟ್ಟು ನಿಧಾನ ಬಳಸುತ್ತವೆ. ವರ್ಷ ಕಳೆದಂತೆ ಕೂಡಿಡುವ ಶಕ್ತಿ ಕುಗ್ಗಿ, ಮಾತ್ರೆ ಇದ್ದಷ್ಟು ಹೊತ್ತು ಮಾತ್ರ ಚಲನೆ ಅನ್ನುವ ಹಾಗಾಗುತ್ತದೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದು ನಾಲ್ಕೂವರೆಗೆ ಎಲ್ಲಿ ಉಳಿದಿರುತ್ತದೆ? ಆಗ ಸ್ನಾಯು ತನ್ನಷ್ಟಕ್ಕೆ ಸೆಳೆದುಕೊಂಡು ತಿರುಚುತ್ತದೆ. ಡಾಕ್ಟರುಗಳು ಅದಕ್ಕೆ ಡಿಸ್ಟೋನಿಯಾ ಅನ್ನುತ್ತಾರೆ. ನೀನು ಬರೆದಿರುವ ಚಿತ್ರ ಅದನ್ನೇ ಹೋಲುತ್ತದೆ. ಹಾಗಿದ್ದರೆ ಅದು ನೋವಿನ ಮಾತ್ರೆಗೆ ಬಗ್ಗುವ ನೋವಲ್ಲ.

ಆದರೆ ಎಲ್ಲ ಕಾಲುನೋವೂ ಅದೇ ಅಂತ ತಿಳಿಯಬೇಡ. ಕೆಲವರಿಗೆ ಮಾತ್ರೆ ಏರಿದ ಹೊತ್ತಲ್ಲೇ ಕಾಲು ತನ್ನಿಂದ ತಾನೇ ಕುಣಿದು, ತಿರುಚಿ ನೋಯುತ್ತದೆ. ಅಲ್ಲಿ ಮದ್ದು ಬೇರೆ, ದಾರಿ ಉಲ್ಟಾ. ಬಿಗಿತದಿಂದ, ಬಗ್ಗಿದ ನಡುವಿನಿಂದ ಬರುವ ಸ್ನಾಯು-ಕೀಲಿನ ನೋವು ಬೇರೆ. ಬೆನ್ನಿನ ನರ ಒತ್ತಿಕೊಂಡು ಸೊಂಟದಿಂದ ಕಾಲಿಗೆ ಮಿಂಚಿನ ಹಾಗೆ ಇಳಿಯುವುದು ಇನ್ನೊಂದು. ಪಾದ ಉರಿ, ಜೋಮು ಇದ್ದರೆ ಬಿ12 ನೋಡಿಸಲೇಬೇಕು. ಲೆವೋಡೋಪಾ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ಕೈಕಾಲಿನ ನರ ಸೊರಗುವುದು ಕಂಡುಬಂದಿದೆ. ಒಬ್ಬನೇ ಮನುಷ್ಯನ ಒಂದೇ ಕಾಲಿನಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರಬಹುದು. ನನ್ನಲ್ಲಿ ಇವೆ.

ಬಿಡಿಸಿ ನೋಡುವ ಬಗೆ ಒಂದೇ, ಗಡಿಯಾರ. ಅಪ್ಪ ರೈಟರ್ ಆಗಿದ್ದವರಲ್ಲವೇ, ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದ ಕೈ. ಅವರಿಗೇ ಒಂದು ನೋಟ್‌ಬುಕ್ ಕೊಡು. ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ತಿಂದದ್ದು ಏನು ಎಷ್ಟಕ್ಕೆ, ನೋವು ಎಲ್ಲಿ, ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು. ಎರಡು ವಾರ ಸಾಕು. ನಾಲ್ಕೂವರೆಗೆ ಆ ಪಾದದ ವಿಡಿಯೋ ಮಾಡಿಕೋ. ಡಾಕ್ಟರ ಮುಂದೆ ಹನ್ನೊಂದು ಗಂಟೆಗೆ ಕೂತಾಗ ಮಾತ್ರೆ ಏರಿ ಪಾದ ನೆಟ್ಟಗೆ ಇರುತ್ತದೆ. ಅವರು ಅದನ್ನು ನೋಡದೆ ನಂಬುವುದು ಹೇಗೆ? ನನ್ನ ವಿಷಯದಲ್ಲಿ ನಾಲ್ಕು ಭೇಟಿ ಹೀಗೇ ವ್ಯರ್ಥವಾಯಿತು.

ಭಾಗಮಂಡಲದಿಂದ, ಜುಲೈ 8

ಮೇಷ್ಟ್ರೇ, ಬೇಸರ ಮಾಡಬೇಡಿ. ನಮ್ಮ ಅಜ್ಜನಿಗೆ ನಸುಗುನ್ನಿ ಬೀಜ ಹಾಲಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿ ಕೊಡ್ತಿದ್ದೆವು. ನಡುಕ ಕಡಿಮೆಯಾಗಿತ್ತು. ಕಾಡಲ್ಲಿ ಬೇಕಾದಷ್ಟಿದೆ. ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ. ಮಾತ್ರೆ ಜೊತೆಗೆ ಅದನ್ನೂ ಕೊಟ್ಟು ನೋಡಬಹುದಲ್ಲ?

ಗೋಣಿಕೊಪ್ಪ ಔಷಧಿ ಅಂಗಡಿ, ಜುಲೈ 8

ಅಣ್ಣ, ಅಜ್ಜನ ನಡುಕ ಕಡಿಮೆಯಾಯ್ತು ಅನ್ನುವುದನ್ನು ನಾನು ಪೂರ್ತಿ ನಂಬ್ತೇನೆ. ನಸುಗುನ್ನಿ ಬೀಜದಲ್ಲಿ ಇರುವುದು ಲೆವೋಡೋಪಾವೇ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಕೆಲಸ ಮಾಡುತ್ತೆ ಅನ್ನುವುದರಿಂದಲೇ ನನಗೆ ಹೆದರಿಕೆ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಒಂದು ಬಳ್ಳಿಯಿಂದ ಇನ್ನೊಂದಕ್ಕೆ ವ್ಯತ್ಯಾಸ. ಮಾತ್ರೆಯ ಮೇಲೆ ಅದೂ ಸೇರಿದರೆ ವಾಂತಿ, ತಲೆಸುತ್ತು, ಕೈಕಾಲು ಕುಣಿಯುವುದು, ಇಲ್ಲದ ಜನ ಕಾಣಿಸುವುದು ಎಲ್ಲಾ ಆಗಬಹುದು. ಕೊಡುವುದೇ ಆದರೆ ಡಾಕ್ಟರಿಗೆ ತಿಳಿಸಿಯೇ ಕೊಡಿ.

ಅಕ್ಕ, ನಿಮ್ಮ ಅಪ್ಪ ನುಂಗುತ್ತಿರುವ ನೋವಿನ ಮಾತ್ರೆಯ ಹೆಸರು ಹಾಕಿ. ಡೈಕ್ಲೋಫೆನಾಕ್ ಥರದ್ದಾದರೆ ಈ ವಯಸ್ಸಲ್ಲಿ ದಿನಾ ನುಂಗುವುದು ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ. ಟ್ರಮಡಾಲ್ ಇದ್ದು, ಜೊತೆಗೆ ಪಾರ್ಕಿನ್ಸನ್‌ಗೇ ಕೊಡುವ ರಾಸಾಜಿಲಿನ್ ಮಾತ್ರೆ ಕೂಡ ಇದ್ದರೆ ಎರಡೂ ಸೇರಲೇಬಾರದು. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫಾನ್ ಕೂಡ ರಾಸಾಜಿಲಿನ್ ಜೊತೆ ಆಗುವುದಿಲ್ಲ.

ಕೌಂಟರಲ್ಲಿ ನಿಂತು ನಾನು ದಿನಾ ನೋಡುವ ಇನ್ನೊಂದು ವಿಷಯ ಇದೆ, ಇದನ್ನು ದಯವಿಟ್ಟು ಎಲ್ಲರೂ ಬರೆದಿಟ್ಟುಕೊಳ್ಳಿ. ಪಾರ್ಕಿನ್ಸನ್ ಇರುವವರು ವಾಂತಿ, ತಲೆಸುತ್ತು ಅಂತ ಬಂದು ಮಾತ್ರೆ ಕೇಳ್ತಾರೆ. ಸಾಮಾನ್ಯವಾಗಿ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಎರಡೂ ಡೋಪಮಿನ್ನಿಗೆ ಅಡ್ಡ ನಿಲ್ಲುತ್ತವೆ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ಕೂಡ ಹಾಗೇ. ಬಿಗಿತ, ನಡುಕ, ನೋವು ಎಲ್ಲಾ ಏರಿ ಕಾಯಿಲೆಯೇ ಜಾಸ್ತಿಯಾಯ್ತು ಅಂತ ಮನೆಯವರು ಗಾಬರಿಯಾಗ್ತಾರೆ. ಯಾವ ಅಂಗಡಿಗೆ ಹೋದರೂ ಮೊದಲು "ಪಾರ್ಕಿನ್ಸನ್ ಇದೆ" ಅಂತ ಹೇಳಿ, ಆಮೇಲೆ ಮಾತ್ರೆ ಕೇಳಿ.

ಅಮ್ಮತ್ತಿಯ ಮಗಳು, ಜುಲೈ 8

ಡೈಕ್ಲೋಫೆನಾಕ್ ಅಂತ ಇದೆ. ಇಲ್ಲಿಯ ಡಾಕ್ಟರನ್ನು ಕೇಳಿ ಇವತ್ತೇ ನಿಲ್ಲಿಸಿದೆವು. ರಾಸಾಜಿಲಿನ್ ಇಲ್ಲ. ಅಪ್ಪ ಪುಸ್ತಕಕ್ಕೆ ಗೆರೆ ಹಾಕಿ ಕೂತಿದ್ದಾರೆ ಮೇಷ್ಟ್ರೇ. ತುಂಬಾ ದಿನದ ಮೇಲೆ ಪೆನ್ನು ಹಿಡಿದದ್ದು.

ಕುಶಾಲನಗರದ ಸೊಸೆ, ಜುಲೈ 10

ಪುಸ್ತಕದಲ್ಲಿ ಊಟದ ಸಾಲನ್ನು ಬಿಡಬೇಡಿ. ನಮ್ಮ ಅತ್ತೆಗೆ ಮಧ್ಯಾಹ್ನದ ಮಾತ್ರೆ ಹತ್ತುತ್ತಲೇ ಇರಲಿಲ್ಲ. ಸಂಜೆ ನಾಲ್ಕರವರೆಗೆ ತೊಡೆ ನೋವು, ಕುರ್ಚಿಯಿಂದ ಏಳಲಿಕ್ಕಾಗದು. ಬರೆದು ನೋಡಿದಾಗ ಗೊತ್ತಾಯ್ತು, ಮಾತ್ರೆ ನುಂಗುತ್ತಿದ್ದದ್ದು ಕೋಳಿಸಾರು, ಬೇಳೆ, ಮೊಸರು ಎಲ್ಲಾ ಉಂಡಾದ ಮೇಲೆ. ಲೆವೋಡೋಪಾ ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ದಾಟುವುದು ಪ್ರೋಟೀನಿನ ಅಂಶಗಳು ದಾಟುವ ಬಾಗಿಲಲ್ಲೇ ಅಂತೆ. ಊಟದ ಪ್ರೋಟೀನ್ ಮೊದಲು ನುಗ್ಗಿಬಿಟ್ಟರೆ ಮಾತ್ರೆ ಹೊರಗೆ ನಿಲ್ಲುತ್ತೆ. ಈಗ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡ್ತೇವೆ. ಹೊಟ್ಟೆ ತೊಳಸಿದರೆ ಜೊತೆಗೆ ಒಂದು ತುಂಡು ಬರೀ ಅಕ್ಕಿರೊಟ್ಟಿ. ಕಬ್ಬಿಣದ ಮಾತ್ರೆಯೂ ಇದಕ್ಕೆ ಅಡ್ಡ ಬರುತ್ತೆ, ಅದನ್ನು ಬೇರೆ ಹೊತ್ತಿಗೆ ಇಡಿ.

ನಾನು ಮಾಡಿದ ತಪ್ಪನ್ನು ಯಾರೂ ಮಾಡಬೇಡಿ. ಇದು ಗೊತ್ತಾದ ಕೂಡಲೇ ಮಾಂಸ, ಮೊಟ್ಟೆ, ಬೇಳೆ ಎಲ್ಲಾ ನಿಲ್ಲಿಸಿಬಿಟ್ಟೆ. ಮೂರು ತಿಂಗಳಲ್ಲಿ ಅತ್ತೆ ಐದು ಕಿಲೋ ಇಳಿದರು, ಕಾಲಲ್ಲಿ ಇದ್ದ ಬಲವೂ ಹೋಯ್ತು. ಪ್ರೋಟೀನ್ ಬೇಕೇ ಬೇಕು, ಹೊತ್ತು ಬದಲಾಯಿಸಿದರೆ ಸಾಕು. ಈಗ ಮಧ್ಯಾಹ್ನ ಅನ್ನ, ತರಕಾರಿ; ರಾತ್ರಿಗೆ ಕಡಂಬುಟ್ಟು ಪಂದಿಕರಿ ಇಷ್ಟಪಟ್ಟು ತಿಂತಾರೆ.

ಹೆಸರು ಹಾಕಿಲ್ಲ, ಜುಲೈ 13

ಇದನ್ನು ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಪ್ರಮಿಪೆಕ್ಸೋಲ್ ಹೆಸರು ನೋಡಿ ಸುಮ್ಮನಿರಲಾಗಲಿಲ್ಲ.

ನನ್ನ ಗಂಡ ಇಸ್ಪೀಟು ಎಲೆಯನ್ನೂ ಮುಟ್ಟಿದವರಲ್ಲ. ಆ ಮಾತ್ರೆ ಹೆಚ್ಚು ಮಾಡಿದ ಕೆಲವು ತಿಂಗಳಿಗೆ ವಾರಕ್ಕೆರಡು ಸಲ ಗಡಿಯಾಚೆ ಹೋಗಿ ಕೇರಳ ಲಾಟರಿ ಕಟ್ಟು ಕಟ್ಟಾಗಿ ತರಲು ಶುರು ಮಾಡಿದರು. ಕಾಳುಮೆಣಸು ಮಾರಿದ ದುಡ್ಡು ಪೂರ್ತಿ ಹೋಯ್ತು. ನಾನು ಜಗಳ ಮಾಡಿದೆ, ಅವರ ಅಣ್ಣಂದಿರನ್ನು ಕರೆಸಿ ಕೂರಿಸಿದೆ, ಇಗ್ಗುತಪ್ಪನಿಗೆ ಹರಕೆ ಹೊತ್ತೆ. ಮಾತ್ರೆಯಿಂದ ಹೀಗಾಗಬಹುದು ಅಂತ ತಲೆಗೇ ಬರಲಿಲ್ಲ. ಒಂದು ದಿನ ಜೀಪು ಓಡಿಸುತ್ತಾ ನಿದ್ದೆ ಹೋಗಿ ಚರಂಡಿಗೆ ಇಳಿಸಿದರು. ನಿದ್ದೆಯ ವಿಷಯ ಹೇಳಲು ಹೋದಾಗ ಡಾಕ್ಟರೇ "ಜೂಜು, ವಿಪರೀತ ಖರೀದಿ, ತಿನ್ನುವ ಚಟ ಏನಾದರೂ ಹೊಸದಾಗಿ ಬಂದಿದೆಯಾ" ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಡೋಪಮಿನ್ ಹಾಗೆ ಕೆಲಸ ಮಾಡುವ ಈ ಗುಂಪಿನ ಮಾತ್ರೆಗಳಲ್ಲಿ ಇದು ಗೊತ್ತಿರುವ ಪರಿಣಾಮವಂತೆ. ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಎರಡು ತಿಂಗಳಲ್ಲಿ ನನ್ನ ಗಂಡ ನನಗೆ ವಾಪಸ್ ಸಿಕ್ಕಿದರು.

ತಂಗಿ, ಪಾದದ ಊತವೂ ಅದರಿಂದ ಬರಬಹುದು. ಅದಷ್ಟೇ ಅಲ್ಲ, ಅಪ್ಪನ ಕೈಯಲ್ಲಿ ದುಡ್ಡು ಹೇಗೆ ಖರ್ಚಾಗುತ್ತಿದೆ ಅಂತ ಕೇಳು. ನಾಚಿಕೆಪಡದೆ ಕೇಳು.

ಸೋಮವಾರಪೇಟೆ ಅಕ್ಕ, ಜುಲೈ 13

ನಿಮ್ಮ ಕೈ ಹಿಡಿದುಕೊಂಡು ಕೂರಬೇಕು ಅನಿಸ್ತಿದೆ. ಬರೆದದ್ದಕ್ಕೆ ತುಂಬಾ ಉಪಕಾರ.

ಮಡಿಕೇರಿ ಫಿಸಿಯೋ, ಜುಲೈ 15

ಸೆಳೆತ ಬಂದಾಗ ಮೀನಖಂಡವನ್ನು ಬಲವಾಗಿ ತಿಕ್ಕಬೇಡಿ, ಬೆರಳನ್ನು ಎಳೆದು ಬಿಡಿಸಬೇಡಿ. ಮೊಣಕಾಲು ಸ್ವಲ್ಪ ಮಡಚಿಸಿ, ಪಾದದ ಅಡಿಗೆ ಅಂಗೈ ಕೊಟ್ಟು ನಿಧಾನವಾಗಿ ಮೇಲಕ್ಕೆ ಒತ್ತಿ ಹಿಡಿದುಕೊಳ್ಳಿ. ಬಿಸಿನೀರಿನ ಚೀಲ ಇಡಬಹುದು, ಆದರೆ ಪಾದ ಜೋಮಿದ್ದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ, ಮೊದಲು ನಿಮ್ಮ ಕೈಗೆ ಇಟ್ಟು ನೋಡಿ. ಮಾತ್ರೆ ಏರಿದ ಹೊತ್ತಲ್ಲಿ ಗೋಡೆಗೆ ಕೈ ಕೊಟ್ಟು ಮೀನಖಂಡ ಚಾಚುವ ವ್ಯಾಯಾಮ, ಆಮೇಲೆ ನಡಿಗೆ. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿರುತ್ತೆ, ಜಗಲಿಯಲ್ಲೇ ನಡೆಸಿ. ಬಿಸಿಲು ಬಂದ ಮೇಲೆ ಕಾಫಿ ಕಣ ಇದೆಯಲ್ಲ, ಅದಕ್ಕಿಂತ ಸಮತಟ್ಟಾದ ಜಾಗ ಕೊಡಗಲ್ಲಿ ಎಲ್ಲಿದೆ? ಮಲಗಿದವರನ್ನು ಎಬ್ಬಿಸುವಾಗ ಎರಡು ನಿಮಿಷ ಮಂಚದ ಅಂಚಲ್ಲಿ ಕೂರಿಸಿ. ಕಾಯಿಲೆಯಿಂದಲೂ ಮಾತ್ರೆಯಿಂದಲೂ ನಿಂತ ತಕ್ಷಣ ರಕ್ತದೊತ್ತಡ ಇಳಿದು ಬೀಳುವವರು ಬಹಳ.

ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಅದನ್ನು ಪಾರ್ಕಿನ್ಸನ್ ಲೆಕ್ಕಕ್ಕೆ ಸೇರಿಸಬೇಡಿ, ತಿಕ್ಕಲೂ ಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ.

ಅಮ್ಮತ್ತಿಯ ಮಗಳು, ಜುಲೈ 26

ನಿನ್ನೆ ಮೈಸೂರಿಗೆ ಹೋಗಿ ಬಂದೆವು. ಡಾಕ್ಟರು ಅಪ್ಪನ ಪುಸ್ತಕ ತೆರೆದು ಹತ್ತು ನಿಮಿಷ ಓದಿದರು. ಆರು ವರ್ಷದಲ್ಲಿ ಅಷ್ಟು ಹೊತ್ತು ಯಾರೂ ಅಪ್ಪನ ಕಾಲಿನ ಬಗ್ಗೆ ಯೋಚಿಸಿರಲಿಲ್ಲ.

ಅದರಲ್ಲಿ ಮೂರು ನೋವು ಬೇರೆ ಬೇರೆಯಾಗಿ ಕಂಡವು. ಬೆಳಗಿನ ಜಾವದ ತಿರುಚು, 18 ದಿನದಲ್ಲಿ 15 ದಿನ, ಏಳು ಗಂಟೆಯ ಮಾತ್ರೆ ಏರಿದ ಮೇಲೆ ಮಾಯ. ಎರಡನೆಯದು ಹನ್ನೊಂದರ ಸುಮಾರಿಗೆ ಮತ್ತು ಸಂಜೆ ನಾಲ್ಕಕ್ಕೆ, ಮುಂದಿನ ಮಾತ್ರೆಗೆ ಮೊದಲು ಎಡತೊಡೆ ಬಿಗಿಯುವುದು. ಮೂರನೆಯದು ಎರಡೂ ಪಾದದ ಉರಿ. ಅದಕ್ಕೆ ಗಡಿಯಾರವೇ ಇಲ್ಲ, ಇಡೀ ದಿನ. ಅದನ್ನು ಅಪ್ಪ ನಮಗೆ ಹೇಳಿಯೇ ಇರಲಿಲ್ಲ. "ಕೇಳಿರಲಿಲ್ಲ ನೀವು" ಅಂದರು. ರಕ್ತ ಪರೀಕ್ಷೆಯಲ್ಲಿ ಬಿ12 ತುಂಬಾ ಕಡಿಮೆ.

ಮಲಗುವ ಹೊತ್ತಿಗೆ ನಿಧಾನವಾಗಿ ಬಿಡುಗಡೆಯಾಗುವ ಲೆವೋಡೋಪಾ ಕೊಟ್ಟಿದ್ದಾರೆ. ಬೆಳಗಿನ ಮೊದಲ ಮಾತ್ರೆ ಏಳರ ಬದಲು ಐದಕ್ಕೆ, ಹಾಸಿಗೆಯಲ್ಲೇ. ಹಗಲಿನ ಮಾತ್ರೆ ಹೆಚ್ಚು ಹೊತ್ತು ನಿಲ್ಲಲಿ ಅಂತ ಎಂಟಾಕಪೋನ್ ಸೇರಿಸಿದ್ದಾರೆ. ಪ್ರಮಿಪೆಕ್ಸೋಲ್ ಹಂತ ಹಂತವಾಗಿ ಇಳಿಸಬೇಕು. ಹಾರ್ಟು, ಕಿಡ್ನಿ ಪರೀಕ್ಷೆ ಮಾಡಿಸಿದರು, ಊತಕ್ಕೆ ಬೇರೆ ಕಾರಣ ಸಿಗಲಿಲ್ಲ. ಬಿ12 ಇಂಜೆಕ್ಷನ್ ಶುರುವಾಗಿದೆ. ಇದು ಅಪ್ಪನಿಗೆ ಅಂತ ಕೊಟ್ಟದ್ದು, ದಯವಿಟ್ಟು ಯಾರೂ ನೋಡಿ ಹಾಗೇ ಮಾಡಿಕೊಳ್ಳಬೇಡಿ.

ದುಡ್ಡಿನ ವಿಷಯವನ್ನೂ ಕೇಳಿದೆ. ಹಾಗೇನೂ ಇಲ್ಲ. ಆದರೆ ಸಂಜೆ ಹೊತ್ತು ಕೋಣೆ ಮೂಲೆಯಲ್ಲಿ ಬೆಕ್ಕು ಕೂತ ಹಾಗೆ ಕಾಣಿಸುತ್ತೆ ಅಂದರು. ನಮ್ಮನೆಯಲ್ಲಿ ಬೆಕ್ಕಿಲ್ಲ. ಅದನ್ನೂ ಡಾಕ್ಟರಿಗೆ ಹೇಳಿದೆವು.

ಸಿದ್ದಾಪುರ ಲೈನ್‌ಮನೆ, ಜುಲೈ 28

ನನ್ನ ಅಮ್ಮನಿಗೂ ಇದೇ ಕಾಯಿಲೆ. ತಿಂಗಳ ಮಾತ್ರೆಗೆ ದುಡ್ಡು ಹೊಂದಿಸುವುದೇ ಕಷ್ಟ. ಮೈಸೂರು, ಬೆಂಗಳೂರು ಅಂತ ಹೋದರೆ ಎರಡು ದಿನದ ಕೂಲಿ ಹೋಗುತ್ತದೆ. ನಮ್ಮಂಥವರಿಗೆ ಏನಾದರೂ ದಾರಿ ಇದೆಯಾ?

ಗೋಣಿಕೊಪ್ಪ ಔಷಧಿ ಅಂಗಡಿ, ಜುಲೈ 28

ಇದೆ ತಮ್ಮ. ಜನೌಷಧಿ ಕೇಂದ್ರದಲ್ಲಿ ಲೆವೋಡೋಪಾ-ಕಾರ್ಬಿಡೋಪಾ ಇದೆಯಾ ಅಂತ ಮೊದಲು ಕೇಳು. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಹೆಸರು ಬರೆಸಿಕೋ, ಪ್ರಮಾಣ ಅದೇ ಇದೆಯಾ ನೋಡಿಕೋ. ಮಡಿಕೇರಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸು. ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ತೋರಿಸಿದರೆ ಆ ಚೀಟಿ ಹಿಡಿದು ಇಲ್ಲಿಯ ಡಾಕ್ಟರ ಹತ್ತಿರ ಮುಂದುವರಿಸಬಹುದು. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕು. ಅಂಗವೈಕಲ್ಯದ ಪ್ರಮಾಣ 40 ಶೇಕಡಾ ಅಥವಾ ಹೆಚ್ಚಿದ್ದರೆ ಸೌಲಭ್ಯಗಳಿಗೆ ದಾರಿಯಾಗುತ್ತೆ. ಅಂಗಡಿಗೆ ಬಾ, ಅರ್ಜಿ ತುಂಬಿಸಿ ಕೊಡ್ತೇನೆ.

ಅಮ್ಮತ್ತಿಯ ಮಗಳು, ಆಗಸ್ಟ್ 4

ಅರ್ಜೆಂಟ್. ಅಪ್ಪನ ಮೂತ್ರ ಕೆಂಪು ಮಿಶ್ರಿತ ಕಂದು ಬಣ್ಣ. ನಿನ್ನೆ ಕಕ್ಕಡ ಪದಿನೆಟ್ಟ್ (ಕಕ್ಕಡ ತಿಂಗಳ ಹದಿನೆಂಟನೇ ದಿನ), ಮದ್ದುಸೊಪ್ಪಿನ ಪಾಯಸ ಎರಡು ಬಟ್ಟಲು ತಿಂದರು. ಮದ್ದುಸೊಪ್ಪು ತಿಂದರೆ ಬಣ್ಣ ಬರುವುದು ಗೊತ್ತು, ನನಗೂ ಬಂದಿದೆ. ಆದರೆ ಅಪ್ಪ "ಒಂದು ವಾರದಿಂದ ಹೀಗೇ ಇದೆ" ಅಂತಿದ್ದಾರೆ. ರಕ್ತವಾ?

ಗೋಣಿಕೊಪ್ಪ ಔಷಧಿ ಅಂಗಡಿ, ಆಗಸ್ಟ್ 4

ಅಕ್ಕ, ಗಾಬರಿ ಬೇಡ. ವಾರದಿಂದ ಇದ್ದರೆ ಎಂಟಾಕಪೋನ್ ಬಣ್ಣವೇ ಇರಬೇಕು. ಅದು ಮೂತ್ರವನ್ನು ಕಿತ್ತಳೆಯಿಂದ ಕೆಂಪು-ಕಂದು ಮಾಡುತ್ತೆ, ಅದರಿಂದ ತೊಂದರೆ ಇಲ್ಲ, ಮಾತ್ರೆ ಇರುವವರೆಗೂ ಇರುತ್ತೆ. ಮದ್ದುಸೊಪ್ಪಿನ ಬಣ್ಣ ಬೇಗ ಹೋಗುತ್ತೆ. ನಿನ್ನೆ ಎರಡೂ ಸೇರಿರಬೇಕು. ಉರಿ, ಜ್ವರ, ಹೆಪ್ಪು ಕಂಡರೆ ಅಥವಾ ಮನಸ್ಸಿಗೆ ಸಮಾಧಾನ ಆಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿಬಿಡಿ.

ಅಮ್ಮತ್ತಿಯ ಮಗಳು, ಆಗಸ್ಟ್ 5

ಮಾಡಿಸಿದೆ. ರಕ್ತ ಇಲ್ಲ.

ಅಮ್ಮತ್ತಿಯ ಮಗಳು, ಸೆಪ್ಟೆಂಬರ್ 4

ನಿನ್ನೆ ಕೈಲ್‌ಪೊಳ್ದ್ ಹಬ್ಬಕ್ಕೆ ನೆಂಟರೆಲ್ಲ ಬಂದಿದ್ದರು. ಚಿಕ್ಕಪ್ಪ ಅಪ್ಪನ ಪುಸ್ತಕ ತಿರುವಿ ನೋಡಿ, ಏನೂ ಮಾತಾಡದೆ ಅವರ ಪಕ್ಕದಲ್ಲೇ ತುಂಬಾ ಹೊತ್ತು ಕೂತರು.

ಆಗಸ್ಟ್ ತಿಂಗಳಲ್ಲಿ ಬೆಳಗಿನ ಜಾವದ ತಿರುಚು ಬಂದದ್ದು ಆರು ದಿನ. ಊತ ಇಳಿದು ಹಳೆಯ ಚಪ್ಪಲಿ ಹಿಡಿಸುತ್ತಿದೆ. ಬೆಕ್ಕು ಬರುವುದು ನಿಂತಿದೆ. ಪಾದದ ಉರಿ ಸ್ವಲ್ಪವೇ ಕಡಿಮೆ. ನರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು ಅಂದಿದ್ದಾರೆ, ಪೂರ್ತಿ ಹೋಗುತ್ತೆ ಅಂತ ಹೇಳಲಿಲ್ಲ. ಎಡಭುಜದಲ್ಲಿ ಹೊಸ ನೋವು ಶುರುವಾಗಿದೆ, ಅದಕ್ಕೆ ಅಪ್ಪ ಬೇರೆ ಕಾಲಂ ಹಾಕಿಕೊಂಡಿದ್ದಾರೆ.

ನಾಪೋಕ್ಲು, ಸೆಪ್ಟೆಂಬರ್ 4

ಅಕ್ಕ, ಈಗಷ್ಟೇ ಎಲ್ಲಾ ಓದಿದೆ. ನನ್ನ ತಾಯಿಗೆ ಬಲಗೈ ಮೊಣಕೈಯಿಂದ ಕೆಳಗೆ ಸಂಜೆಯಾದರೆ ತಡೆಯಲಾಗದ ನೋವು. ಪಾರ್ಕಿನ್ಸನ್ ಬಂದು ಎಂಟು ವರ್ಷ. ಇದಕ್ಕೆ ಯಾವ ಮಾತ್ರೆ ಒಳ್ಳೆಯದು?

ಅಮ್ಮತ್ತಿಯ ಮಗಳು, ಸೆಪ್ಟೆಂಬರ್ 4

ಮಾತ್ರೆ ಹೆಸರು ನಾನು ಹೇಳುವುದಿಲ್ಲ ತಮ್ಮ. ಸಂಜೆ ಅಂದರೆ ಎಷ್ಟು ಗಂಟೆಗೆ? ಅದಕ್ಕೆ ಮೊದಲಿನ ಮಾತ್ರೆ ಎಷ್ಟಕ್ಕೆ ಕೊಟ್ಟಿದ್ದೆ? ಮಧ್ಯಾಹ್ನ ಏನು ಊಟ? ಅಪ್ಪನ ಪುಸ್ತಕದ ಒಂದು ಪುಟದ ಫೋಟೋ ಹಾಕ್ತೇನೆ, ಹಾಗೇ ಗೆರೆ ಹಾಕಿಕೋ. ಅಕ್ಷರ ಚಿಕ್ಕದಾಗಿದೆ, ದೊಡ್ಡದು ಮಾಡಿ ನೋಡು.